ಚೀಲಕ್ಕೆ ಕಟ್ಟಿದ ಮುಖ

ಹೊಳೆನರಸೀಪುರದ ವೇದವತಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಟೀಚರ್ ಆಗಿದ್ದವರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಪುರುಸೊತ್ತಾಗಲಿಲ್ಲ" ಎಂದು ನಗುತ್ತಿದ್ದರು. ತೊಂಬತ್ತೆಂಟರಲ್ಲಿ ಕೆಲಸ ಬಿಟ್ಟು, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹಳೆಯ ಅಕ್ಕಿ ಗೋದಾಮೊಂದನ್ನು ಬಾಡಿಗೆಗೆ ಹಿಡಿದರು. ಗೊನೆ ಕಡಿದ ಮೇಲೆ ತೋಟದವರು ಬಿಸಾಡುತ್ತಿದ್ದ ಬಾಳೆಪಟ್ಟೆಯಿಂದ ನಾರು ತೆಗೆದು, ಹೊಳೆಯಲ್ಲಿ ತೊಳೆದು ಒಣಗಿಸಿ, ಕೈಚೀಲ ಹೆಣೆಯುವುದನ್ನು ಸುತ್ತಲ ಹಳ್ಳಿಗಳ ಹೆಂಗಸರಿಗೆ ಕಲಿಸಿದರು. ಬೆಂಗಳೂರಿನ ಒಂದು ಸಂಸ್ಥೆ ಆ ಚೀಲಗಳನ್ನು ಹೊರದೇಶಕ್ಕೆ ಕಳಿಸುತ್ತಿತ್ತು. ನಡುವೆ ದಲ್ಲಾಳಿಗಳಿಲ್ಲ. ಯಾವ ಚೀಲಕ್ಕೆ ಎಷ್ಟು ಕೂಲಿ ಎಂಬುದನ್ನು ಹೆಂಗಸರೇ ಕೂತು ನಿಶ್ಚಯಿಸುತ್ತಿದ್ದರು. ಇದಕ್ಕೆ ನ್ಯಾಯದ ವ್ಯಾಪಾರ ಎನ್ನುತ್ತಾರೆ ಎಂದು ವೇದವತಿ ಹೇಳಿದಾಗ, ಎಲ್ಲರಿಗಿಂತ ಹಿರಿಯಳಾದ ದೊಡ್ಡತಾಯಮ್ಮ, "ಅಂಗಾರೆ ಇಷ್ಟ್ ದಿನ ನಾವ್ ಮಾಡಿದ್ದು ಯಾವ್ದು ಟೀಚ್ರಮ್ಮಾ?" ಎಂದು ಕೇಳಿದ್ದಳು.

ಮಾಯಮ್ಮ ಅಲ್ಲಿಗೆ ಬಂದದ್ದು ಎರಡು ಸಾವಿರದ ಎರಡರ ಮಳೆಗಾಲದಲ್ಲಿ. ಅರಕಲಗೂಡಿನ ಬಸ್ಸಿನಿಂದ ಇಳಿದು, ಉಟ್ಟ ಸೀರೆಯಲ್ಲೇ ಗೋದಾಮಿನ ಬಾಗಿಲಲ್ಲಿ ನಿಂತಿದ್ದಳು. ಒಂದು ಕಿವಿಯ ಹಾಲೆ ಹರಿದಿತ್ತು. ಏನಾಯಿತೆಂದು ಯಾರೂ ಕೇಳಲಿಲ್ಲ. ಅವಳೇ ಒಂದು ದಿನ ಹೇಳಿದಳು: "ನನ್ ಗಂಡ ಪಾಲಾಕ್ಷ ಅಂತ. ಉಡುಕ್ತಾ ಇರ್ತನೆ. ಸಿಕ್ಕುದ್ರೆ ಉಳ್ಸಾಕಿಲ್ಲ." ದೊಡ್ಡತಾಯಮ್ಮ ಅವಳನ್ನು ತನ್ನ ಮನೆಗೇ ಕರೆದುಕೊಂಡು ಹೋದಳು. ಕೆಲಸ ಮಾಡುವಾಗ ಮಾಯಮ್ಮ ಯಾವಾಗಲೂ ಬಾಗಿಲ ಕಡೆ ಮುಖ ಮಾಡಿಯೇ ಕೂರುತ್ತಿದ್ದಳು. ಮೂರು ವರ್ಷ ಕಳೆದ ಮೇಲೆ ಆ ಅಭ್ಯಾಸ ನಿಧಾನವಾಗಿ ತಪ್ಪಿತು. ವೇದವತಿಗೆ ಅದನ್ನು ಕಂಡು ಸಮಾಧಾನವಾಗಿತ್ತು.

ಎರಡು ಸಾವಿರದ ಐದರ ಕೊನೆಗೆ ಸಂಸ್ಥೆಯ ರಂಜನಿ ಕ್ಯಾಮೆರಾ ಹಿಡಿದು ಬಂದಳು. ಇನ್ನು ಮೇಲೆ ಪ್ರತಿ ಚೀಲಕ್ಕೂ ಒಂದು ಚೀಟಿ ಕಟ್ಟಬೇಕು, ಅದರಲ್ಲಿ ಹೆಣೆದವಳ ಫೋಟೋ, ಹೆಸರು ಇರಬೇಕು. ಕೊಳ್ಳುವವರಿಗೆ ಯಾರ ಕೈಯಿಂದ ಬಂತೆಂದು ತಿಳಿಯಬೇಕು ಎಂದಳು. ಹೆಂಗಸರು ತಲೆ ಬಾಚಿ, ಹೂ ಮುಡಿದು ಸರದಿಯಲ್ಲಿ ನಿಂತರು. ಮಾಯಮ್ಮ ಮಾತ್ರ ನಾರಿನ ಕಟ್ಟುಗಳ ಹಿಂದೆ ಸರಿದಳು.

"ನಂದು ಬ್ಯಾಡಿ ಅಮ್ಮಾವ್ರೇ. ಎಸ್ರು ಬೇಕಾರೆ ಆಕ್ಕಳಿ. ಮಕ ಬ್ಯಾಡಿ."

"ಇದೆಲ್ಲ ಸಮುದ್ರ ದಾಟಿ ಹೋಗೋದು ಕಣೇ," ಎಂದರು ವೇದವತಿ. "ಅಲ್ಲಿ ನಿನ್ನ ಯಾರು ಗುರುತು ಹಿಡೀತಾರೆ? ಎಷ್ಟು ದಿನ ಅಂತ ಬಚ್ಚಿಟ್ಕೊಂಡು ಬದುಕ್ತೀಯಾ?"

ಮಾಯಮ್ಮ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು. ಆಮೇಲೆ ಬಂದು ನಿಂತಳು. ಫೋಟೋದಲ್ಲಿ ಸೆರಗು ಕಿವಿಯ ಮೇಲೆ ಬಂದಿತ್ತು, ಮುಖ ಸ್ಪಷ್ಟವಾಗಿತ್ತು.

ಮರುವರ್ಷ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ. ಹೊರದೇಶಕ್ಕೆ ಹೋಗದೆ ಉಳಿದಿದ್ದ ಚೀಲಗಳನ್ನು ಮಾರಲು ವೇದವತಿ ಅಲ್ಲೊಂದು ಮಳಿಗೆ ಹಾಕಿದರು. ಚೀಟಿ ಬಿಚ್ಚಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಜನ ಫೋಟೋ ನೋಡಿ ಮೆಚ್ಚುತ್ತಿದ್ದರು, ಚೀಲವೂ ಹೋಗುತ್ತಿತ್ತು. ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ, ಸೌಮ್ಯವಾಗಿ ಮಾತಾಡುವ ಒಬ್ಬ ಗಂಡಸು ಬಂದು ಚೀಲವೊಂದನ್ನು ಕೈಗೆತ್ತಿಕೊಂಡ.

"ಇದ ಎಣ್ದೋರು ಈ ಪೋಟೋದೋರೇನಾ ಅಮ್ಮಾ?"

"ಹೂಂನಪ್ಪ, ನಮ್ಮ ಮಾಯಮ್ಮ. ಅವಳಷ್ಟು ನಯವಾಗಿ ಹೆಣೆಯೋರು ಇನ್ನೊಬ್ಬರಿಲ್ಲ."

"ಎಲ್ಲಿ ಮಾಡ್ತರೆ ಇದಾ?"

"ಹೊಳೆನರಸೀಪುರ. ಬಸ್ ಸ್ಟ್ಯಾಂಡಿನ ಹಿಂದೇನೇ. ಬಂದ್ರೆ ನೋಡಬಹುದು."

ಅವನು ಚೌಕಾಸಿ ಮಾಡದೆ ದುಡ್ಡು ಕೊಟ್ಟ. ಚೀಟಿಯನ್ನು ಮೆಲ್ಲಗೆ ಬಿಚ್ಚಿ ಅಂಗಿಯ ಜೇಬಿಗಿಟ್ಟುಕೊಂಡು, ಚೀಲವನ್ನು ಮೇಜಿನ ಮೇಲೇ ಬಿಟ್ಟು ಹೊರಟ. ಮರೆತು ಹೋಗುತ್ತಿದ್ದಾನೆ ಪಾಪ ಎಂದು ವೇದವತಿಯೇ ಕೂಗಿ ಕರೆದು ಅದನ್ನು ಅವನ ಕೈಗೆ ಕೊಟ್ಟರು.

ಉತ್ಸವದ ಗದ್ದಲ ಮುಗಿದು ಅವರು ಊರಿಗೆ ಮರಳಿದ ವಾರದಲ್ಲೇ, ಗೋದಾಮಿನ ಎದುರಿಗಿದ್ದ ಕೆಂಪಣ್ಣನ ಹೋಟೆಲಿನಲ್ಲಿ ಅದೇ ಬಿಳಿ ಅಂಗಿಯವನು ಬಂದು ಕೂತ. ತೊಡೆಯ ಮೇಲೆ ಬಾಳೆನಾರಿನ ಚೀಲ. ಬಾಗಿಲಿಗೆ ಬಂದ ಮಾಯಮ್ಮ ಅವನನ್ನು ನೋಡಿದಳು. ಒಳಗೆ ಹೋಗಿ ಗೋಡೆಗೆ ಆನಿಕೊಂಡು ಕೂತಳು. ವೇದವತಿ ಹೊರಗೆ ನೋಡಿದರು. ತಾವೇ ಕರೆದು ಚೀಲ ಕೊಟ್ಟವನೆಂದು ಗುರುತು ಹತ್ತಿದಾಗ ಬಾಗಿಲನ್ನು ಮುಂದಕ್ಕೆ ಎಳೆದರು.

ಪಾಲಾಕ್ಷ ದಿನವೂ ಬಂದ. ಗೋದಾಮಿನ ಹೊಸ್ತಿಲು ತುಳಿಯಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ. ವೇದವತಿ ದೂರು ಕೊಟ್ಟ ಮೇಲೆ ಒಬ್ಬ ಪೇದೆ ಬಂದು ಅವನನ್ನು ಎಬ್ಬಿಸಿ ಕಳಿಸಿದ. ಮಾರನೆಯ ದಿನ ಮತ್ತೆ ಅದೇ ಬೆಂಚು.

"ಟೀ ಕುಡೀತನೆ, ಕಾಸು ಮಡುಗ್ತನೆ, ತುಟಿ ಬಿಚ್ಚಾಕಿಲ್ಲ," ಎಂದ ಕೆಂಪಣ್ಣ. "ಎದ್ದೋಗು ಅನ್ನಕೆ ಏನಂತ ಅನ್ಲಿ? ಅವ್ನ ನೋಡುದ್ರೆ ನಂಗೇ ಮೈ ಜುಂ ಅಂತದೆ."

ಹೆಂಗಸರು ಮಾಯಮ್ಮನನ್ನು ನಡುವೆ ಬಿಟ್ಟುಕೊಂಡು ಮನೆಗೆ ನಡೆಯತೊಡಗಿದರು. ಗೋದಾಮಿನಲ್ಲಿ ಮೊದಲಿನ ಹರಟೆ ನಿಂತಿತು. ಹೊರಗೆ ಯಾರಾದರೂ ಕೆಮ್ಮಿದರೆ ಎಲ್ಲರ ಕೈಯೂ ನಿಲ್ಲುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಬೆಂಚು ಖಾಲಿಯಿತ್ತು. ಮಾರನೆಯ ದಿನವೂ ಅವನಿಲ್ಲ. ವೇದವತಿ ನಿಟ್ಟುಸಿರುಬಿಟ್ಟು, "ನೋಡು, ಬೇಜಾರಾಗಿ ಹೋದ," ಎಂದರು.

"ಕಣ್ಮುಂದೆ ಇದ್ದಿದ್ರೇ ವಾಸಿ ಇತ್ತು ಅಮ್ಮಾವ್ರೇ," ಎಂದಳು ಮಾಯಮ್ಮ. "ಎಲ್ಲವ್ನೆ ಅಂತ ಗೊತ್ತಿರ್ತಿತ್ತು."

ಅವನು ಹೊಳೆಯ ಹತ್ತಿರವಿದ್ದ. ಆ ಮಧ್ಯಾಹ್ನ ನಾರು ತೊಳೆಯಲು ಮಾಯಮ್ಮ, ದೊಡ್ಡತಾಯಮ್ಮ ಮತ್ತಿಬ್ಬರು ಹೇಮಾವತಿಯ ಮೆಟ್ಟಿಲಿಳಿದಿದ್ದರು. ಪಾಲಾಕ್ಷ ಮರದ ಮರೆಯಿಂದ ಬಂದ, ಅವಸರವಿಲ್ಲದೆ, ಮನೆಗೆ ಕರೆಯಲು ಬಂದವನ ಹಾಗೆ. "ನಡಿ, ಓಗಣ," ಎಂದ. ಮಾಯಮ್ಮ ನೀರಿನಲ್ಲೇ ಎದ್ದು ನಿಂತಳು.

"ಬರಾಕಿಲ್ಲ."

ಅವನು ಕೈಲಿದ್ದ ಅದೇ ಬಾಳೆನಾರಿನ ಚೀಲದೊಳಗಿಂದ ಮಚ್ಚು ತೆಗೆದ. ಮೊದಲ ಏಟು ಅವಳ ಭುಜಕ್ಕೆ ಬಿತ್ತು. ಎರಡನೆಯದು ಬೀಳುವ ಮುಂಚೆ ದೊಡ್ಡತಾಯಮ್ಮ ನೀರು ಕುಡಿದು ಭಾರವಾಗಿದ್ದ ನಾರಿನ ಕಟ್ಟನ್ನು ಎತ್ತಿ ಅವನ ಮುಖಕ್ಕೆ ಬೀಸಿದಳು. ಅವನು ಪಾಚಿಯ ಮೇಲೆ ಜಾರಿ ಬಿದ್ದ. ಮೂವರು ಹೆಂಗಸರು ಅವನ ಮೇಲೆ ಬಿದ್ದು, ಸ್ವಲ್ಪ ಕೆಳಗೆ ಎತ್ತು ತೊಳೆಯುತ್ತಿದ್ದವರು ಓಡಿ ಬರುವವರೆಗೂ ಅದುಮಿ ಹಿಡಿದರು.

ಮಾಯಮ್ಮ ಹಾಸನದ ಆಸ್ಪತ್ರೆಯಲ್ಲಿ ಬದುಕಿದಳು. ಎಡಗೈ ಮಾತ್ರ ಭುಜಕ್ಕಿಂತ ಮೇಲೆ ಏಳಲಿಲ್ಲ. ಹಾಸಿಗೆಯ ಪಕ್ಕದಲ್ಲಿ ವೇದವತಿ, "ಅವನಿಗೆ ದಾರಿ ಹೇಳಿದವಳು ನಾನೇ ಕಣೇ. ಕರೆದು ಚೀಲ ಕೊಟ್ಟವಳೂ ನಾನೇ," ಎಂದಾಗ ಅವಳು, "ಇರ್ಲಿ ಬುಡಿ" ಎನ್ನಲಿಲ್ಲ. ಕಿಟಕಿಯ ಕಡೆ ತಿರುಗಿಕೊಂಡಳು.

ಪಾಲಾಕ್ಷನಿಗೆ ಜಾಮೀನು ಸಿಕ್ಕಿತೆಂದು ತಿಳಿದ ದಿನ ಮಾಯಮ್ಮ ಹೊರಟಳು. ಚನ್ನರಾಯಪಟ್ಟಣದ ಬಸ್ಸು ಹತ್ತಿಸಲು ಬಂದ ವೇದವತಿಗೆ, "ಎಲ್ಲಿಗೆ ಅಂತ ಕೇಳ್ಬ್ಯಾಡಿ ಅಮ್ಮಾವ್ರೇ," ಎಂದಳು. ಅವರು ಕೇಳಲಿಲ್ಲ. ದೊಡ್ಡತಾಯಮ್ಮನೂ ಕೇಳಲಿಲ್ಲ.

ವೇದವತಿ ಎಲ್ಲ ಚೀಟಿಗಳನ್ನೂ ಬಿಚ್ಚಿ ಒಲೆಗೆ ಹಾಕಿದರು. ಫೋಟೋ ಇಲ್ಲದೆ ಹೊರಗಿನವರು ಕೊಳ್ಳುವುದಿಲ್ಲ ಎಂದು ರಂಜನಿ ಫೋನಿನಲ್ಲಿ ಎಷ್ಟೋ ಹೇಳಿದಳು. "ಹಾಗಾದ್ರೆ ಬೇಡ," ಎಂದರು ಇವರು. ಸಂಸ್ಥೆಯ ಆರ್ಡರು ನಿಂತಿತು. ಕೆಲವು ಹೆಂಗಸರು ಬೇರೆ ಕೆಲಸ ಹುಡುಕಿಕೊಂಡರು. ಉಳಿದವರು ಹೆಣೆದದ್ದನ್ನು ವೇದವತಿ ಹಾಸನ, ಚನ್ನರಾಯಪಟ್ಟಣದ ಅಂಗಡಿಗಳಿಗೆ ತಾವೇ ಹೊತ್ತು ಮಾರಿದರು. ಹೊಸಬಳು ಕೆಲಸ ಕೇಳಿ ಬಂದರೆ, ಹೆಣೆಯಲು ಬರುತ್ತದೋ ಇಲ್ಲವೋ ಎಂದು ಕೇಳುವ ಮುಂಚೆ, "ಯಾರಿಗಾದ್ರೂ ಹೆದರ್ಕೊಂಡು ಬಂದಿದೀಯಾ?" ಎಂದು ಕೇಳುತ್ತಿದ್ದರು.

ಎರಡು ಸಾವಿರದ ಎಂಟರಲ್ಲಿ ಪಾಲಾಕ್ಷ ಮತ್ತೆ ಬಂದ. ಈ ಸಲ ಒಳಗೇ ಬಂದು, ನೇತುಹಾಕಿದ್ದ ಚೀಲಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ.

"ಎಲ್ಲವ್ಳೆ ಅಮ್ಮಾ?" ದನಿ ಮೊದಲಿನಷ್ಟೇ ಸೌಮ್ಯವಾಗಿತ್ತು.

"ಗೊತ್ತಿಲ್ಲ."

ಅವನು ಅವರ ಕಣ್ಣನ್ನೇ ನೋಡುತ್ತ ನಿಂತ. ಅದು ನಿಜವೆಂದು ಅವನಿಗೆ ತಿಳಿಯಿತೋ ಏನೋ, ತಲೆಯಾಡಿಸಿ ಹೊರಟ. ವೇದವತಿ ಅವನ ಹಿಂದೆಯೇ ಬಸ್ ಸ್ಟ್ಯಾಂಡಿನವರೆಗೆ ನಡೆದರು. ಅವನು ತನ್ನೂರ ಕಡೆಯ ಅರಕಲಗೂಡಿನ ಬಸ್ಸನ್ನು ದಾಟಿ ಮುಂದೆ ಹೋಗಿ, ಮಾಯಮ್ಮ ಅಂದು ಹತ್ತಿ ಹೋಗಿದ್ದ ಚನ್ನರಾಯಪಟ್ಟಣದ ಬಸ್ಸನ್ನೇ ಹತ್ತಿ ಕಿಟಕಿಯ ಪಕ್ಕ ಕೂತ.