ಕಲ್ಲು ಕೂರಿಸುವ ನೀಲವ್ವ

ಹೊಸ ಮನೆಯ ಅಡುಗೆಕೋಣೆಗೆ ಕಾಲಿಟ್ಟ ಕೂಡಲೇ ನೀಲವ್ವ ಅಳತೆ ತೆಗೆಯುತ್ತಿರಲಿಲ್ಲ, ಅಡುಗೆ ಮಾಡುತ್ತಿದ್ದಳು. ಒಲೆಯಿಲ್ಲ, ಪಾತ್ರೆಯಿಲ್ಲ, ಗೋಡೆಯ ಗಿಲಾವು ಕೂಡ ಪೂರ್ತಿ ಒಣಗಿರುವುದಿಲ್ಲ. ಆ ಖಾಲಿ ಕೋಣೆಯಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತು, ಇಲ್ಲದ ಕೊಡದಿಂದ ನೀರು ಬಗ್ಗಿಸಿ, ಇಲ್ಲದ ಹಿಟ್ಟು ನಾದಿ, ಗಾಳಿಯಲ್ಲಿ ರೊಟ್ಟಿ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ ತಿರುವಿ, ಒಗ್ಗರಣೆಗೆಂದು ಕೈಚಾಚಿ ಸಾಸಿವೆ ಡಬ್ಬಿ ಹುಡುಕುತ್ತಿದ್ದಳು. ಕೈ ಎಲ್ಲಿಗೆ ಹೋಯಿತೋ ಅಲ್ಲಿ ಸೀಮೆಸುಣ್ಣದ ಒಂದು ಗೆರೆ. ಸಿಡಿಯುವ ಎಣ್ಣೆಗೆ ಹೆದರಿ ಮುಖ ಹಿಂದಕ್ಕೆಳೆದುಕೊಂಡ ಕಡೆ ಇನ್ನೊಂದು ಗೆರೆ. ಮೊದಲ ಸಲ ನೋಡಿದಾಗ ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಏನೂ ಅಂಟದ ಕೈಗಳನ್ನು ಸೆರಗಿಗೆ ಒರೆಸಿಕೊಂಡು ನನ್ನ ಡ್ರಾಯಿಂಗ್ ಕೇಳಿದಳು.

ಗೋಕಾಕದ ಒಂದು ಅಂಗಡಿಯ ಮಾಳಿಗೆಯಲ್ಲಿ ನನ್ನ ಸಣ್ಣ ಕಚೇರಿ. ಅಡುಗೆಮನೆಗಳ ನಕ್ಷೆ ಬರೆದುಕೊಡುವುದು, ಮುಂದೆ ನಿಂತು ಅದನ್ನು ಮಾಡಿಸುವುದು ನನ್ನ ಉದ್ಯೋಗ. ನಾನು ಶುರುಮಾಡುವ ಹೊತ್ತಿಗೆ ಜನಕ್ಕೆ ಬಿಳಿ ಟೈಲ್ಸ್ ಬೇಸರವಾಗಿತ್ತು. ಮೊಬೈಲಿನಲ್ಲಿ ಚಿತ್ರ ಹಿಡಿದುಕೊಂಡು ಬರುತ್ತಿದ್ದರು: ಒಲೆಯ ಹಿಂದೆ ಒರಟು ಕಲ್ಲಿನ ಗೋಡೆ, ಕೆಳಗೆ ಕಪ್ಪು ನೆಲ. ನೆಲಕ್ಕೆ ಕಡಪಾ ಕಲ್ಲು ಸಿಗುತ್ತಿತ್ತು. ಗೋಡೆಗೆ ನಮ್ಮದೇ ಗುಡ್ಡಗಳ ಮಾಸಲು ಕೆಂಪು ಕಲ್ಲಿತ್ತು. ಅದನ್ನು ಸಣ್ಣ ಪಟ್ಟಿಗಳಾಗಿ ಕೊಯ್ದು ಒಂದರ ಮೇಲೊಂದು ಕೂರಿಸಲು ಗೌಂಡಿಗಳೇ ಸಿಗುತ್ತಿರಲಿಲ್ಲ. ಸಿಕ್ಕಿದ್ದ ಒಬ್ಬ ಅರ್ಧಕ್ಕೆ ಬಿಟ್ಟು ಹೋದಾಗ ಕಲ್ಲಿನ ಅಂಗಡಿಯವರು ಒಬ್ಬ ಹೆಣ್ಣುಮಗಳ ಹೆಸರು ಹೇಳಿದರು, ತುಸು ಸಂಕೋಚದಿಂದಲೇ.

ನೀಲವ್ವನ ಗಂಡ ಶಿವಪ್ಪ ನೆಲಕ್ಕೆ ಫರಸಿ ಕಲ್ಲು ಹಾಕುವುದರಲ್ಲಿ ಹೆಸರುವಾಸಿಯಾಗಿದ್ದವನು. ಇವಳು ಮದುವೆಯಾಗಿ ಬಂದಾಗಿನಿಂದ ಅವನಿಗೆ ಸಿಮೆಂಟು ಕಲಸಿ ಹೊತ್ತು ಕೊಟ್ಟವಳು. ಅವನಿಗೆ ಕೆಮ್ಮು ಹತ್ತಿತು. ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದ ಮೇಲೆ ಬೆಳಗಾವಿಯ ವೈದ್ಯರೊಬ್ಬರು ಎಕ್ಸ್‌ರೇ ನೋಡಿ, ಇದು ಕ್ಷಯವಲ್ಲ, ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತಿದೆ, ಒಮ್ಮೆ ಕೂತದ್ದು ಹೊರಗೆ ಬರುವುದಿಲ್ಲ ಎಂದರಂತೆ. ಆಮೇಲೆ ಶಿವಪ್ಪ ಖುರ್ಚಿಯಲ್ಲಿ ಕೂತು ಬೆರಳು ತೋರಿಸಿ ಹೇಳುತ್ತ ಹೋದ, ಇವಳು ಕೊಯ್ಯುತ್ತ ಕೂರಿಸುತ್ತ ಹೋದಳು. ಹೀಗೆ ನೀಲವ್ವ ಗೌಂಡಿಯಾದಳು. ಆ ಎಕ್ಸ್‌ರೇ ನೋಡಿದವಳಾದ್ದರಿಂದ ಅವಳದೊಂದು ಹಟವಿತ್ತು. ಅಂಗಳದಲ್ಲೇ ಕೊಯ್ಯಬೇಕು, ಕೊಯ್ಯುವಾಗ ಕಲ್ಲಿನ ಮೇಲೆ ನೀರು ಹರಿಯುತ್ತಿರಬೇಕು. ತೊಯ್ದ ಕಲ್ಲು ಧೂಳು ಬಿಡುವುದಿಲ್ಲ. ಇದನ್ನೆಲ್ಲ ಮೊದಲ ದಿನವೇ ನನಗೆ ಹೇಳಿದ್ದಳು. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಅದಕ್ಕೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೊಟ್ಟ ಮೊದಲ ಕೆಲಸ ಮೂಡಲಗಿಯ ಒಂದು ತುಂಬಿದ ಮನೆಯದು. ಕಟ್ಟೆಯಿಂದ ಛಾವಣಿಯವರೆಗೆ ಒರಟು ಕಲ್ಲು ಎಂದು ನಾನು ಬರೆದಿದ್ದೆ. ಆ ಡ್ರಾಯಿಂಗ್ ಬಗ್ಗೆ ನನಗೆ ಬಹಳ ಹೆಮ್ಮೆ. ನೀಲವ್ವ ತನ್ನ ಗಾಳಿಯ ಅಡುಗೆ ಮುಗಿಸಿ, ಒಲೆ ಬರುವ ಜಾಗದ ಹಿಂದೆ ಅಂಗೈ ಇಟ್ಟಳು. ನನ್ನನ್ನು ಅವಳು ಕರೆಯುತ್ತಿದ್ದುದು ಬಾಯಾರ ಎಂದು, ಮೇಡಂ ಅನ್ನುವ ಹಾಗೆ.

“ಬಾಯಾರ, ಒಗ್ಗರಣಿ ಇಲ್ಲೇ ಸಿಡಿತೈತ್ರಿ. ಈ ಸಂದ್ಯಾಗ ಎಣ್ಣಿ ಹೋಗಿ ಕುಂತ್ರ ಯಾರ ತಗೀತಾರ? ನೀವ್ ಬಂದು ತಗೀತೀರೇನು?”

ನನಗೆ ಮುಖಕ್ಕೆ ಹೊಡೆದಂತಾಯಿತು. ಆದರೂ ಮೊಳದೆತ್ತರಕ್ಕೆ ನುಣುಪು ಕಲ್ಲು, ಅದರ ಮೇಲೆ ಒರಟು ಕಲ್ಲು ಎಂದು ತಿದ್ದಿದೆ. ಕಪ್ಪು ನೆಲ ಕನ್ನಡಿಯ ಹಾಗೆ ಹೊಳೆಯಬೇಕು ಎಂದಿದ್ದೆ. ಅವಳು ಪಾಲಿಶ್ ಮಾಡಿದ ಒಂದು ಕಲ್ಲಿನ ಮೇಲೆ ಬೊಗಸೆ ನೀರು ಚೆಲ್ಲಿ, ಅದರ ಮೇಲೆ ನಡೆಯಿರಿ ಅಂದಳು. ನಾನು ಜಾರಿ ಅವಳ ಭುಜ ಹಿಡಿದುಕೊಂಡೆ. ಕರಿ ನೆಲದಲ್ಲಿ ನೀರು ಕಣ್ಣಿಗೆ ಕಾಣುವುದಿಲ್ಲ, ಗಂಜಿ ಬಸಿಯಲು ಬಿಸಿ ಪಾತ್ರೆ ಹಿಡಿದು ಹೊರಟವಳು ಇಲ್ಲೇ ಬೀಳುತ್ತಾಳೆ ಎಂದು ಹೇಳಿ, ಒಲೆಯ ಮುಂದಿನ ಸಾಲುಗಳನ್ನು ಪಾಲಿಶ್ ಮಾಡದೆ ಬಿಟ್ಟಳು. ಕೂತು ರೊಟ್ಟಿ ಬಡಿಯುವವರಿಗಾಗಿ ಮೂಲೆಯಲ್ಲಿ ಗೇಣೆತ್ತರದ ಒಂದು ಕಲ್ಲು ಹಾಕಿದಳು. ಅದು ನನ್ನ ನಕ್ಷೆಯಲ್ಲೇ ಇರಲಿಲ್ಲ.

“ಅಡಗಿಮನಿ ನೋಡಾಕ ಬರಾವ್ರು ತಾಸೊತ್ತು ಇರ್ತಾರ್ರಿ,” ಅಂದಳು. “ಮಾಡಾಕಿ ಅಲ್ಲೇ ಮುದುಕಿ ಆಗ್ತಾಳ.”

ಕೆಲವು ತಿಂಗಳ ಮೇಲೆ ಆ ಮನೆಯ ಹಿರಿಯ ಸೊಸೆ ಬಜಾರದಲ್ಲಿ ಸಿಕ್ಕು, ನನ್ನ ಎರಡೂ ಕೈ ಹಿಡಿದುಕೊಂಡು, ಎಷ್ಟೋ ವರ್ಷದ ಮೇಲೆ ಸೊಂಟ ನೋಯದೆ ರೊಟ್ಟಿ ಮಾಡುತ್ತಿದ್ದೇನೆ ಎಂದರು. ಆ ಹೊಗಳಿಕೆಯನ್ನು ನಾನೇ ಇಟ್ಟುಕೊಂಡೆ. ನೀಲವ್ವನಿಗೆ ಹೇಳಲಿಲ್ಲ.

ಎರಡು ವರ್ಷ ಹೀಗೆ ಚೆನ್ನಾಗಿ ನಡೆಯಿತು. ಅವಳಿಂದ ನಾನು ಕಲಿತದ್ದು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು. ನಕ್ಷೆ ಬರೆಯುವ ಮುಂಚೆ ಮನೆಯ ಹೆಂಗಸರ ಎತ್ತರ ಕೇಳತೊಡಗಿದೆ. ಯಾರು ಎಡಗೈಯವರು, ಯಾರಿಗೆ ಮೊಣಕಾಲು ನೋವು ಎಂದು ಬರೆದುಕೊಳ್ಳತೊಡಗಿದೆ. ಆಮೇಲೆ ಬೆಲ್ಲದ ಬಾಗೇವಾಡಿಯ ಮನೆ ಬಂತು.

ಗೃಹಪ್ರವೇಶಕ್ಕೆ ನಾಲ್ಕು ದಿನ ಉಳಿದಿತ್ತು. ಕಲ್ಲು ತಡವಾಗಿ ಬಂದಿತ್ತು, ಕಪಾಟುಗಳು ಮೊದಲೇ ಬಂದು ಕೂತಿದ್ದವು. ನೀರು ತಾಗಿದರೆ ಪ್ಲೈವುಡ್ ಉಬ್ಬುತ್ತದೆ, ಒಳಗೆ ಒಂದು ಹನಿ ನೀರು ಬಳಸಬೇಡಿ ಎಂದು ಮನೆಯ ಯಜಮಾನರು ಹೇಳಿದರು. ಅಂಗಳದಲ್ಲಿ ಶಾಮಿಯಾನ ಹಾಕಿ ಅಡುಗೆಯವರು ಒಲೆ ಹೂಡಿದ್ದರು, ಅಲ್ಲಿ ಕಲ್ಲಿನ ಕೆಸರು ಹರಿಸುವ ಹಾಗಿರಲಿಲ್ಲ. ಹುಕ್ಕೇರಿ ಕಡೆಯ ಅವರ ಬೀಗರೆಲ್ಲ ಆ ದಿನ ಬಂದು ಈ ಅಡುಗೆಮನೆ ನೋಡುವವರಿದ್ದರು. ನನಗೆ ಆ ಕಡೆ ಕೆಲಸ ಹಿಡಿಯಬೇಕಾಗಿತ್ತು. ಬಾಗಿಲು ಹಾಕಿಕೊಂಡು ಒಳಗೇ, ನೀರಿಲ್ಲದೆ ಒಣ ಕಲ್ಲನ್ನೇ ಕೊಯ್ದುಬಿಡಿ ಎಂದು ನೀಲವ್ವನಿಗೆ ಹೇಳಿದೆ.

ಓಣಿಯ ತುದಿಗೆ ಹೋಗಿ ಕೊಯ್ದು ಹೊತ್ತು ತರುತ್ತೇನೆ ಅಂದಳು. ಅಷ್ಟು ಹೊತ್ತಿಲ್ಲ ಅಂದೆ.

“ಎರಡ ದಿನದ ಕೆಲಸ ಅಕ್ಕಾ. ಎರಡ ದಿನಕ್ಕ ಏನಾಗ್ತೈತಿ?” ಎಂದು ನಾನೇ ಕೇಳಿದೆ.

“ನಮ್ಮನಿಯವ್ರೂ ಮೊದಲ ಹಿಂಗ ಅಂದಿದ್ರು,” ಅಂದಳು.

ಅಷ್ಟೇ ಹೇಳಿದ್ದು. ಸೆರಗಿನ ತುದಿಯನ್ನು ನೀರಿಗೆ ಅದ್ದಿ ಮೂಗು ಬಾಯಿಗೆ ಬಿಗಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆ ಹೊರಗೆ ಬಂದಾಗ ಹುಬ್ಬು, ರೆಪ್ಪೆ, ಕಿವಿಯ ಸುರುಳಿ, ಎಲ್ಲ ಒಂದೇ ಬಣ್ಣ. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಗೃಹಪ್ರವೇಶದ ದಿನ ಬಂದವರೆಲ್ಲ ಆ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನನಗೆ ಆ ಒಂದೇ ದಿನ ಮೂರು ಮನೆಯ ಕೆಲಸ ಸಿಕ್ಕಿತು.

ಎರಡು ದಿನ ಎಂದವಳು ನಾನು ನಾಲ್ಕು ವರ್ಷ ಅದನ್ನೇ ಹೇಳಿದೆ. ಒಣ ಕಲ್ಲನ್ನೇ ಕೊಯ್ದರೆ ಕೆಲಸ ಬೇಗ ಮುಗಿಯುತ್ತಿತ್ತು, ಮನೆಯವರ ತಕರಾರು ಇರುತ್ತಿರಲಿಲ್ಲ. ಒಂದು ಮನೆಯಲ್ಲಿ ಪೂಜೆ, ಇನ್ನೊಂದರಲ್ಲಿ ಬಾಣಂತಿ, ಮತ್ತೊಂದರಲ್ಲಿ ಹೊಸ ಬಣ್ಣ. ಪ್ರತಿಸಲ ಒಂದು ಕಾರಣ ಸಿಗುತ್ತಿತ್ತು. ನೀಲವ್ವ ಆಮೇಲೆ ಯಾವತ್ತೂ ಬೇಡ ಅನ್ನಲಿಲ್ಲ. ಶಿವಪ್ಪನಿಗೆ ಹಾಸಿಗೆ ಬಿಟ್ಟು ಏಳಲಾಗದಂತೆ ಆಗಿತ್ತು. ಅಷ್ಟರಲ್ಲಿ ಆ ಕೆಲಸ ಕಲಿತ ಗಂಡಸರು ಊರಿಗೆ ಹತ್ತು ಜನವಿದ್ದರು. ಇವಳು ಬೇಡ ಅಂದರೆ ನಾನು ಅವರನ್ನು ಕರೆಯುತ್ತೇನೆಂದು ಇವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ನನಗೂ ಗೊತ್ತಿತ್ತು. ಒಂದು ಬೇಸಿಗೆಯಲ್ಲಿ ಶಿವಪ್ಪ ತೀರಿಕೊಂಡ. ಹನ್ನೆರಡನೆಯ ದಿನಕ್ಕೆ ಅವಳು ಕೆಲಸಕ್ಕೆ ಬಂದಳು.

ಮೇಲವಂಕಿಯ ಒಂದು ಮನೆಯಲ್ಲಿ, ಖಾಲಿ ಕೋಣೆಯಲ್ಲಿ ನಿಂತು ರೊಟ್ಟಿ ಬಡಿಯುತ್ತಿದ್ದ ಅವಳ ಕೈ ಗಾಳಿಯಲ್ಲೇ ನಿಂತಿತು. ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತಳು. ತುಟಿ ನೀಲಿಯಾಗಿತ್ತು. ಮಾತು ಹೊರಡುತ್ತಿರಲಿಲ್ಲ, ಒಂದೊಂದು ಉಸಿರನ್ನೂ ಭಾರದ ಕೊಡ ಎಳೆದಂತೆ ಎಳೆಯುತ್ತಿದ್ದಳು. ನನ್ನ ಕಾರಿನಲ್ಲೇ ಬೆಳಗಾವಿಗೆ ಕರೆದುಕೊಂಡು ಹೋದೆ.

ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಲ್ಲಿ ಕೆಲಸ ಮಾಡುತ್ತೀರಿ ಎಂದು ಕೇಳಿದರು.

“ಅಡಗಿಮನ್ಯಾಗರಿ,” ಅಂದಳು ನೀಲವ್ವ.

ಕಟ್ಟಿಗೆ ಒಲೆಯ ಹೊಗೆ ಎಂದು ವೈದ್ಯರು ಬರೆದುಕೊಂಡರು, ಗ್ಯಾಸು ಬಳಸಿ ಎಂದು ಬುದ್ಧಿ ಹೇಳಿದರು. ಅವಳು ತಲೆಯಾಡಿಸಿದಳು, ನನ್ನ ಕಡೆ ನೋಡಲಿಲ್ಲ. ನಾನು ತಿದ್ದಲಿಲ್ಲ. ಹೊರಗೆ ಬಂದು ಅವಳನ್ನು ಬೆಂಚಿನ ಮೇಲೆ ಕೂರಿಸಿದೆ. ಔಷಧಿಯ ಚೀಟಿ ನನ್ನ ಕೈಯಲ್ಲಿತ್ತು. ಹಾಗೆಯೇ ಊರಿಗೆ ಹೋಗಿಬಿಡಬಹುದಾಗಿತ್ತು. ಆ ವಿಚಾರ ನನ್ನ ಮನಸ್ಸಿಗೆ ಬಂದದ್ದು ನಿಜ. ಆಮೇಲೆ ಒಳಗೆ ಹೋಗಿ, ಒಲೆಯ ಹೊಗೆಯಲ್ಲ, ಬಾಗಿಲು ಹಾಕಿಕೊಂಡು ಕಲ್ಲು ಕೊಯ್ದಿದ್ದಾಳೆ, ಕೊಯ್ಯಿಸಿದವಳು ನಾನು ಎಂದು ಹೇಳಿದೆ. ವೈದ್ಯರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಶಿವಪ್ಪನಿಗೆ ಹಿಂದೆ ಬೇರೆ ವೈದ್ಯರು ಏನು ಹೇಳಿದ್ದರೋ ಅದನ್ನೇ ಇವರೂ ಹೇಳಿದರು. ಕಡಿಮೆ ಮಾಡುವ ಮದ್ದಿಲ್ಲ, ಉಸಿರಾಟ ಹಗುರಾಗುವಂಥದ್ದು ಏನಾದರೂ ಕೊಡಬಹುದು.

“ಯಾಕ ಹೇಳಾಕ ಹೋದ್ರಿ?” ಅಂದಳು ನೀಲವ್ವ ಕಾರಿನಲ್ಲಿ, ವಿಷಯ ತಿಳಿದ ಮೇಲೆ. “ನನಗಂತೂ ಆಗೇತಿ. ಇನ್ನ ನಿಮಗೂ ಯಾಕ ತ್ರಾಸ?”

ನನಗೆ ನಂಬಲಾಗಲಿಲ್ಲ. ಮಿರಜಿಗೆ ಕರೆದುಕೊಂಡು ಹೋದೆ. ಮತ್ತೊಬ್ಬರಿದ್ದಾರೆ ಎಂದು ಯಾರೋ ಹೇಳಿದ ಕಡೆಗೆಲ್ಲ ಎಕ್ಸ್‌ರೇ ಹಿಡಿದುಕೊಂಡು ಓಡಿದೆ. ಎಲ್ಲರೂ ಅದನ್ನು ಬೆಳಕಿಗೆ ಹಿಡಿದರು, ಎಲ್ಲರೂ ಅದೇ ಮಾತು ಹೇಳಿದರು. ಕೊನೆಗೆ ನೀಲವ್ವನೇ ಇನ್ನು ತಿರುಗುವುದು ಸಾಕು ಅಂದಳು. ಒಂದು ಆಕ್ಸಿಜನ್ ಯಂತ್ರ ತಂದು ಅವಳ ಮನೆಯಲ್ಲಿ ಇರಿಸಿದೆ. ಕರೆಂಟು ಹೋದಾಗ ಅದು ನಿಲ್ಲುತ್ತಿತ್ತು. ಗಾಳಿ ಬೀಸಿ ಬಂದರೂ ಸಾಕು, ಕಚೇರಿಯಲ್ಲಿ ಕೂತು ಅವಳ ಓಣಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ಫೋನ್ ಮಾಡುತ್ತಿದ್ದೆ.

ಕೊನೆಯ ಸಲ ಹೋದಾಗ ಮೂರು ದಿಂಬಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮಗಳು ಸಾವಿತ್ರಿ ಗಂಡನ ಮನೆ ಬಿಟ್ಟು ಬಂದು ತಾಯಿಯ ಜೊತೆಗೇ ಇದ್ದಳು. ತಾಯಿ ಹಾಸಿಗೆ ಹಿಡಿಯುವ ಮುಂಚಿನ ಎರಡು ವರ್ಷ ಅವಳ ಕೈಕೆಳಗೆ ಕಲ್ಲು ಕೂರಿಸುವುದನ್ನೂ ಕಲಿತಿದ್ದಳು. ನೀಲವ್ವ ಚಹಾ ಮಾಡು ಎಂದು ಅವಳನ್ನು ಒಳಗೆ ಕಳಿಸಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದಳು. ಆರು ವರ್ಷ ಬಾಯಾರ ಎಂದೇ ಕರೆದವಳು.

“ತಂಗೀ,” ಅಂದಳು. ನಿಂತು ಉಸಿರು ಎಳೆದುಕೊಂಡಳು. “ಸಾವಿತ್ರಿ ಕೈಯಾಗ ಕಲ್ಲು ಕೊಡಬ್ಯಾಡ. ಆಕಿ ಕೇಳ್ತಾಳ. ನಿನ್ನ ಕಾಲ ಬೀಳ್ತಾಳ. ಕೊಡಬ್ಯಾಡ.”

ಕೊಡುವುದಿಲ್ಲ ಎಂದು ಮಾತು ಕೊಟ್ಟೆ. ನನ್ನದು ತಪ್ಪಾಯಿತು ಎಂದು ಹೇಳಬೇಕೆಂದೇ ಹೋಗಿದ್ದೆ. ಅವಳು ಕಣ್ಣು ಮುಚ್ಚಿದ್ದಳು, ಸಾವಿತ್ರಿ ಚಹಾ ತಂದಳು, ಹೇಳಲಿಲ್ಲ. ಎಂಟು ದಿನಕ್ಕೆ ನೀಲವ್ವ ಹೋದಳು. ಮಣ್ಣಿಗೆ ಹೋದಾಗ ಹೆಂಗಸರ ಗುಂಪಿನ ಹಿಂದೆ ನಿಂತಿದ್ದೆ.

ಸಾವಿತ್ರಿ ಕೆಲಸ ಕೇಳಿಕೊಂಡು ಬಂದಳು. ಕಲ್ಲು ಬಿಟ್ಟರೆ ತನಗೆ ಬೇರೆ ಏನೂ ಬರುವುದಿಲ್ಲ ಅಂದಳು. ನಾನು ನೀಲವ್ವನಿಗೆ ಕೊಟ್ಟ ಮಾತು ಹೇಳಿ, ಕಚೇರಿಯಲ್ಲಿ ಇರು ಅಂದೆ. ಮಾದರಿ ಕಲ್ಲುಗಳ ಧೂಳು ಒರೆಸುತ್ತ, ಬಂದವರಿಗೆ ನೀರು ಕೊಡುತ್ತ ಒಂದು ವಾರ ಇದ್ದಳು. ಎಂಟನೆಯ ದಿನ ಬರಲಿಲ್ಲ.

ಈ ವರ್ಷ ದೀಪಾವಳಿಯ ಮುಂಚೆ ಹುಕ್ಕೇರಿಯಲ್ಲಿ ಒಂದು ಮನೆಯ ಅಳತೆಗೆ ಹೋಗಿದ್ದೆ. ಬಾಜೂ ಮನೆಯಿಂದ ಕಲ್ಲು ಕೊಯ್ಯುವ ಸದ್ದು ಬರುತ್ತಿತ್ತು. ಒಣ ಕಲ್ಲಿನ ಸದ್ದು ಬೇರೆ, ಅದು ಕಿವಿಗೆ ಬಿದ್ದ ಕೂಡಲೇ ಅಳತೆ ಬಿಟ್ಟು ಹೊರಟೆ. ಹೋಗಿ ನೋಡಿದರೆ ಸಾವಿತ್ರಿ. ಬೇರೊಬ್ಬರ ಕೆಲಸ, ಬೇರೊಬ್ಬರ ನಕ್ಷೆ, ಅದೇ ಕೆಂಪು ಕಲ್ಲು. ಮಷೀನು ನಿಲ್ಲಿಸಿ ಹೊರಗೆ ಬಂದಳು. ನನ್ನ ಕಡೆ ಬಾ ಎಂದು ಕೇಳಿಕೊಂಡೆ. ಅಂಗಳದಲ್ಲೇ ಕೊಯ್ಯೋಣ, ನೀರು ಬಿಟ್ಟೇ ಕೊಯ್ಯೋಣ, ಒಪ್ಪದ ಮನೆಯ ಕೆಲಸವನ್ನೇ ನಾನು ಈಗ ಹಿಡಿಯುವುದಿಲ್ಲ, ನಿನ್ನ ಅವ್ವನಿಗೆ ಕೊಟ್ಟ ಮಾತು ಮುರಿದರೂ ಚಿಂತೆಯಿಲ್ಲ ಎಂದೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ.

“ಅವ್ವಾನೂ ನಿಮ್ಮ ಕಡೇನ ಇದ್ದಳಲ್ರಿ, ಬಾಯಾರ,” ಅಂದಳು.

ಒಳಗೆ ಹೋದಳು. ಸದ್ದು ಮತ್ತೆ ಶುರುವಾಯಿತು. ನಾನು ಅವಳ ಹೆಸರು ಹಿಡಿದು ಕೂಗಿದೆ. ಇನ್ನೊಮ್ಮೆ ಕೂಗಿದೆ. ಆ ಸದ್ದಿನಲ್ಲಿ ಅವಳಿಗೆ ಕೇಳಿಸುವ ಹಾಗಿರಲಿಲ್ಲ.