ಗಂಗಾಧರ್ ಅವರ ಎಡ ಮೀನಖಂಡ

ಗಂಗಾಧರ್ ಅವರ ಎಡ ಮೀನಖಂಡವನ್ನು ವಾರಕ್ಕೊಮ್ಮೆ ಸೋಪು ಹಾಕಿ ಒಗೆದು, ಶೆಟ್ಟಿಹಳ್ಳಿಯ ಮನೆಯ ಮಹಡಿ ಮೇಲೆ ಒಣಹಾಕಲಾಗುತ್ತಿತ್ತು. ಅದು ಹಳೆಯ ಚೌಕಳಿ ಲುಂಗಿಯ ತುಂಡು. ಪೋಲಿಯೊದಿಂದ ಸಣಕಲಾದ ಕಾಲಿಗೆ ಅದನ್ನು ಬಿಗಿಯಾಗಿ ಸುತ್ತಿ, ಮೇಲೆ ಪ್ಯಾಂಟ್ ಹಾಕಿದರೆ ಎರಡು ಕಾಲೂ ಒಂದೇ ದಪ್ಪ. ತಾವು ಕುಂಟುವುದು ಲೋಕಕ್ಕೆಲ್ಲ ಗೊತ್ತಿದ್ದರೂ ಅವರಿಗೆ ಬೇಸರವಿರಲಿಲ್ಲ. ಕಾಲು ಎಷ್ಟು ಸಣ್ಣ ಎಂಬುದು ಮಾತ್ರ ಹೆಂಡತಿ ಸುಶ್ಮಿತಾ ಬಿಟ್ಟು ಯಾರಿಗೂ ತಿಳಿಯಬಾರದು.

ಭುಜಗಳ ವಿಷಯ ಬೇರೆ. ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮುಂದೆ ನಿಂತು ಬೆಳೆದ ಭುಜಗಳನ್ನು ತೋರಿಸಲು ಅವರು ಚಳಿಗಾಲದಲ್ಲೂ ಅರ್ಧ ತೋಳಿನ ಷರ್ಟ್ ಹಾಕುತ್ತಾರೆ. ಆ ಭುಜ ನೋಡಿಯೇ ಗಂಗಾಧರ್ ಅವರನ್ನು ಕೋಚ್ ರಮ್ಯಶ್ರೀ ಸಿಟ್ಟಿಂಗ್ ವಾಲಿಬಾಲ್‌ಗೆ ಕರೆದದ್ದು. ತಗ್ಗಿನ ನೆಟ್, ನೆಲದ ಮೇಲೆ ತೆವಳುತ್ತಾ ಆಟ. ಕಾಲು ಸರಿಯಿದ್ದವರೂ ಇಲ್ಲದವರೂ ಒಂದೇ ತಂಡ. ಚೆಂಡು ಮುಟ್ಟುವಾಗ ಕುಂಡೆ ನೆಲ ಬಿಟ್ಟರೆ ‘ಎದ್ದ’ ಎಂದು ಪಾಯಿಂಟ್ ಎದುರಾಳಿಗೆ.

ಚಿಕ್ಕಂದಿನಿಂದ ‘ಪಾಪ, ಕೂತ್ಕೊಳಪ್ಪ’ ಎನ್ನಿಸಿಕೊಂಡ ಗಂಗಾಧರ್‌ಗೆ ಕೂರುವುದೇನೂ ಕಷ್ಟವಾಗಲಿಲ್ಲ. ಅದೇ ವರ್ಕ್‌ಶಾಪಿನ ಚಂದ್ರು, ಎರಡೂ ಕಾಲು ಗಟ್ಟಿ ಇರುವವನು, ಆಟ ಬಿಸಿಯೇರಿದರೆ ಎದ್ದೇಬಿಡುತ್ತಿದ್ದ.

“ಏನ್ಲಾ, ಕೂರಕ್ಕೂ ಬರಲ್ವಲ್ಲೋ ನಿಂಗೆ!” ಎಂದರು ಗಂಗಾಧರ್.

“ಕಾಲಿದಾವಲ್ಲಣ್ಣ, ಏನ್ ಮಾಡ್ಲಿ?”

“ಬುಡು, ಪಾಪ.”

ಗಂಗಾಧರ್ ಅವರ ತೊಂದರೆ ಲುಂಗಿ. ತೆವಳುವಾಗ ಅದು ಜಾರುತ್ತಿತ್ತು. ಪ್ಯಾಂಟಿನ ಮೇಲಿಂದಲೇ ಸರಿಮಾಡಿಕೊಳ್ಳುವಷ್ಟರಲ್ಲಿ ಚೆಂಡು ಬಿದ್ದಿರುತ್ತಿತ್ತು. ಗುಬ್ಬಿ ತಂಡದ ಜೊತೆ ಪಂದ್ಯ ಗೊತ್ತಾದಾಗ ರಮ್ಯಶ್ರೀ ನೇರವಾಗಿ ಹೇಳಿದರು: “ಚಡ್ಡಿ ಹಾಕ್ಕೊಂಡ್ ಬನ್ನಿ ಗಂಗಾಧರ್. ಪ್ಯಾಂಟ್ ಹಿಡ್ಕೊಂಡೇ ಆಡ್ತೀನಿ ಅಂದ್ರೆ ಟೀಮಲ್ಲಿ ನೀವಿರಲ್ಲ.”

“ಸೊಳ್ಳೆ ಕಚ್ತವೆ ಮೇಡಂ.”

ಪಂದ್ಯದ ದಿನವೂ ಪ್ಯಾಂಟಿನಲ್ಲೇ ಬಂದರು. ಒಳಗೆ ಲುಂಗಿಗೆ ಪಿನ್ನು ಹಾಕಿದ್ದರು. “ಒಂದ್ ಸೆಟ್ ನೋಡ್ತೀನಿ, ಅಷ್ಟೇ,” ಎಂದರು ರಮ್ಯಶ್ರೀ.

ಆ ಸೆಟ್ಟಿನ ಮಧ್ಯದಲ್ಲಿ ಚೆಂಡು ಎಡಕ್ಕೆ ಬಂತು. ಗಂಗಾಧರ್ ಜಾರಿದರು, ಪಿನ್ನು ಬಿಚ್ಚಿತು, ಚೌಕಳಿ ಬಟ್ಟೆ ಪ್ಯಾಂಟಿನಿಂದ ಹೊರಬಂದು ಕೋರ್ಟಿನ ಮೇಲೆ ಉದ್ದಕ್ಕೆ ಮಲಗಿತು. ಅಂಪೈರ್ ಸೀಟಿ ಊದಿ, ಎರಡೇ ಬೆರಳಲ್ಲಿ ಅದರ ತುದಿ ಎತ್ತಿದರು. “ಯಾರದ್ರೀ ಇದು?”

“ನಂದು ಸಾರ್, ಬೆವರು ಒರ್ಸಕ್ಕೆ,” ಎಂದ ಚಂದ್ರು.

ಅಂಪೈರ್ ಎಳೆದರು. ಇನ್ನೊಂದು ತುದಿ ಪ್ಯಾಂಟಿನೊಳಗೆ ಕಾಲಿಗೇ ಸಿಕ್ಕಿಕೊಂಡಿತ್ತು. ಬಟ್ಟೆಯ ಜೊತೆ ಗಂಗಾಧರ್ ಕೂಡ ಒಂದಿಷ್ಟು ಮುಂದೆ ಬಂದರು.

“ಬುಡ್ಲಾ ಚಂದ್ರು,” ಎಂದರು. “ಸಾರ್, ಅದು ನನ್ ಕಾಲು.”

ಗುಬ್ಬಿಯವರಲ್ಲೊಬ್ಬ ತನ್ನ ಕೃತಕ ಕಾಲನ್ನು ಗೋಡೆಗೆ ಒರಗಿಸಿ ಆಡಲು ಬಂದಿದ್ದ. “ನಂದು ಅಲ್ಲೈತೆ ನೋಡಣ್ಣ. ಎಕ್ಸ್‌ಚೇಂಜ್ ಮಾಡ್ಕೊಳಣ್ವಾ?”

ಎಲ್ಲರೂ ನಕ್ಕರು. ಗಂಗಾಧರ್ ಸ್ವಲ್ಪ ತಡವಾಗಿ ನಕ್ಕರು. ಆಮೇಲೆ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿದರು. ಈಗ ಎರಡೂ ಕೈ ಖಾಲಿ. ಗಂಗಾಧರ್ ಅವರನ್ನು ರಮ್ಯಶ್ರೀ ಕೊನೆಯವರೆಗೂ ಹೊರಗೆ ಕರೆಯಲಿಲ್ಲ. ತಂಡ ಸೋತಿತು, ಕೊನೆಯ ಪಾಯಿಂಟಿಗೆ ಚಂದ್ರು ಎದ್ದಿದ್ದ.

ಮುಂದಿನ ವಾರ ಕುಣಿಗಲ್‌ನಲ್ಲಿ ನೆಂಟರ ಮದುವೆ. ಹೊಸ ಪ್ಯಾಂಟ್ ಕೈಲಿ ಹಿಡಿದು ಗಂಗಾಧರ್ ಬೀರುವೆಲ್ಲ ತಡಕಿದರು.

“ಲೇ, ಅದೆಲ್ಲೇ?”

“ನಿಮ್ ಮೀನಖಂಡಾನಾ?” ಅಡುಗೆಮನೆಯಿಂದ ಸುಶ್ಮಿತಾ ಕೂಗಿದರು. “ಅದ್ರಲ್ಲಿ ಸಾರಿನ್ ಪಾತ್ರೆ ಇಳಿಸ್ತಿದೀನಿ ಕಣ್ರೀ. ಹಂಗೇ ಹೊರಡಿ, ಬಸ್ ಹೋಗ್ಬಿಡತ್ತೆ.”

ಗಂಗಾಧರ್ ಹಾಗೇ ಹೊರಟರು. ಷರ್ಟ್ ಮಾತ್ರ ಅರ್ಧ ತೋಳಿನದು.