ದೊಡ್ಡವ್ವನ ಬೈಗುಳ ಮತ್ತು ಹೊಸ ರ‍್ಯಾಮ್

ವೇಗವೇ ಈ ಯುಗದ ಧರ್ಮವೆಂದು ತಿಳಿದವರು ಹೇಳುತ್ತಾರೆ. ಗುಬ್ಬಿಯಿಂದ ತುಮಕೂರಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಆದರೂ ಎರಡು ಸಾವಿರದ ದಶಕದ ಕೊನೆಯಲ್ಲಿ ನಾನೂ ಆ ಧರ್ಮಕ್ಕೆ ಸೇರಿದೆ.

ನನ್ನ ಲ್ಯಾಪ್‌ಟಾಪಿಗೆ ಆಗಲೇ ಮುಪ್ಪು ಹಿಡಿದಿತ್ತು. ಸ್ವಿಚ್ ಒತ್ತಿ ಸ್ನಾನಕ್ಕೆ ಹೋಗಿ, ತಲೆ ಒರೆಸಿಕೊಂಡು ಬಂದರೂ ಅದು ಇನ್ನೂ ಯೋಚನೆಯಲ್ಲೇ ಇರುತ್ತಿತ್ತು. ಅದರೊಳಗೆ ನನ್ನ ಜೀವಮಾನದ ಏಕೈಕ ಸಾಹಿತ್ಯಸೇವೆಯಿತ್ತು. ಅದು ಹಾಗಲವಾಡಿಯಲ್ಲಿದ್ದ ದೊಡ್ಡವ್ವನ, ಅಂದರೆ ನನ್ನ ತಾಯಿಯ ಅಕ್ಕನ, ಬೈಗುಳಗಳ ಸಂಗ್ರಹ. ಒಬ್ಬರಿಗೆ ಬೈದ ಮಾತನ್ನು ಇನ್ನೊಬ್ಬರಿಗೆ ಬಳಸುವುದು ಆಕೆಗೆ ಅವಮಾನ. ನನ್ನ ಪಾಲಿಗೆ ಬಂದದ್ದು ‘ಅಲ್ಲಾಡದ ಗಿಟುಕು’. ಅಟ್ಟದ ಮೇಲೆ ವರ್ಷವೆಲ್ಲ ಒಣಗಿದರೂ ಒಳಗಿನ ಕೊಬ್ಬರಿ ಸದ್ದು ಮಾಡದ ಕಾಯಿ ಎಂದರ್ಥ. ಭಾನುವಾರ ಹೋಗಿ ಕೇಳಿಸಿಕೊಂಡು ಬಂದು ಟೈಪ್ ಮಾಡುತ್ತಿದ್ದೆ. ಪುಸ್ತಕ ಮಾಡಿಸಿ ಆಕೆಯ ಕೈಗಿಡಬೇಕೆಂಬ ಒಂದೇ ಆಸೆಯಿತ್ತು.

ಆಗ ಕನ್ನಡಕ್ಕೆ ಅಂಗಡಿಗೊಂದು ಫಾಂಟ್. ನನ್ನದನ್ನು ಹಾಕಿಕೊಟ್ಟವನು ತುಮಕೂರಿನ ಒಬ್ಬ ಡಿಟಿಪಿಯವನು. ತನ್ನ ಗಿರಾಕಿಯ ಫೈಲು ಬೇರೆ ಅಂಗಡಿಯಲ್ಲಿ ಓದಲು ಬರಬಾರದೆಂದು ಅಕ್ಷರಗಳ ಜಾಗವನ್ನೆಲ್ಲ ತಾನೇ ಅದಲುಬದಲು ಮಾಡಿದ್ದ. ಕನ್ನಡ ಸೇವೆಗೆ ಹೀಗೂ ದಾರಿಗಳಿದ್ದವು.

ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿಯವನು ಲ್ಯಾಪ್‌ಟಾಪ್ ತಿರುಗಿಸಿ ನೋಡಿದ.

“ರ‍್ಯಾಮ್ ಜಾಸ್ತಿ ಮಾಡಿ ವಿಂಡೋಸ್ ಹೊಸ್ದಾಗಿ ಹಾಕ್ಬುಡ್ತೀನಿ ಸಾರ್. ಕುಣಿಗಲ್ ಕುದುರೆ ಆಗ್ಬುಡುತ್ತೆ.”

“ನನ್ನ ಫೈಲು?”

“ಕಾಪಿ ಮಾಡ್ಕೊಂಡು ವಾಪಸ್ ಹಾಕ್ತೀನಿ. ಒಂದಕ್ಷರ ಹೋಗಲ್ಲ.”

ಮಾತಿಗೆ ತಪ್ಪಲಿಲ್ಲ. ಒಂದಕ್ಷರವೂ ಹೋಗಿರಲಿಲ್ಲ, ಕನ್ನಡ ಮಾತ್ರ ಹೋಗಿತ್ತು. ಪರದೆಯ ತುಂಬ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳು, ನಡುನಡುವೆ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ.

“ಇದೇನಯ್ಯ?”

“ನಿಮ್ ಫೈಲೇ ಸಾರ್. ಏನ್ ಬರ್ದಿದ್ರಿ ಇದ್ರಲ್ಲಿ?”

“ನಮ್ಮ ದೊಡ್ಡವ್ವ ಬೈದಿದ್ದು.”

“ಬೈಗುಳ ಅರ್ಥ ಆಗ್ದಿದ್ರೇ ಒಳ್ಳೇದು ಬುಡಿ ಸಾರ್.” ಆಮೇಲೆ ನನ್ನ ಮುಖ ನೋಡಿ, “ಫಾಂಟ್ ಅಳ್ಸೋಗಿದೆ. ಹಾಕ್ಕೊಟ್ಟೋರ ಹತ್ರಾನೇ ಇಸ್ಕೊಬೇಕು” ಎಂದ.

ಹೋದೆ. ಡಿಟಿಪಿ ಅಂಗಡಿ ಬೇಕರಿಯಾಗಿತ್ತು. ಹಳಬ ಎಲ್ಲಿ ಹೋದನೆಂದು ಬೇಕರಿಯವನಿಗೆ ಗೊತ್ತಿರಲಿಲ್ಲ. ಪಫ್ಸ್ ಬಿಸಿಯಾಗಿದೆ ಎಂದ.

ನನಗೆ ನೆನಪಿದ್ದದ್ದು ನನಗೆ ಬಿದ್ದ ಒಂದೇ ಬೈಗುಳ. ಮತ್ತೆ ಹಾಗಲವಾಡಿಗೆ ಹೋದೆ. ದೊಡ್ಡವ್ವ ಕಾಯಿಲೆಯಿಂದ ಎದ್ದು ಜಗುಲಿಯ ಮೇಲೆ ಕೂತಿದ್ದಳು.

“ಎಲ್ಲ ಅಳ್ಸೋಯ್ತು ದೊಡ್ಡವ್ವ. ಇನ್ನೊಂದ್ ಸಲ ಬೈಯಿ.”

“ಯಾಕ್ಲಾ ಮಗ ಬೈಲಿ? ನೀನೇನ್ ಮಾಡ್ದೆ ಪಾಪ.”

ಅಂಗಳದಲ್ಲಿ ರಾಗಿ ಹರವಿತ್ತು. ಚಪ್ಪಲಿ ಮೆಟ್ಟಿಕೊಂಡೇ ಅದರ ನಡುವೆ ನಡೆದೆ. ಹಿಂದೆ ಇಷ್ಟಕ್ಕೆ ನನ್ನ ಮೂರು ತಲೆಮಾರಿಗೆ ಸಲ್ಲುವಷ್ಟು ಸಿಗುತ್ತಿತ್ತು.

“ಬಿಸ್ಲಲ್ ಬಂದಿದೀಯ. ಒಳಗೆ ಮಜ್ಜಿಗೆ ಐತೆ, ಕುಡಿ ಹೋಗು” ಎಂದಳು.

ಅಷ್ಟು ಖಾರವಾದದ್ದು ಫೈಲಿನಲ್ಲೂ ಇರಲಿಲ್ಲ.

ಮುಂದಿನ ಸುಗ್ಗಿಗೆ ಆಕೆ ಇರಲಿಲ್ಲ. ಪುಸ್ತಕ ಬರಲಿಲ್ಲ. ಲ್ಯಾಪ್‌ಟಾಪ್ ಬೇಗ ಆನ್ ಆಗುತ್ತಿತ್ತು.